ವೈನಿ ಮನೆ ನೋಡಿದ್ದು

ಏಪ್ರಿಲ್ ತಿಂಗಳ ಎರಡನೆಯ ರವಿವಾರ, ಬೆಳಗಿನ ಏಳು ಗಂಟೆ. ಜಮಖಂಡಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಹೆಂಡತಿ, ನನ್ನ ಮಗಳು ಮತ್ತು ನಮ್ಮ ವೈನಿ, ಅಂದರೆ ತೀರಿಕೊಂಡ ನನ್ನ ಅಣ್ಣನ ಹೆಂಡತಿ. ಮಗಳು ವೈನಿಯ ಕೈಚೀಲದ ತಪಾಸಣೆ ನಡೆಸಿದ್ದಳು.

“ದೊಡ್ಡವ್ವಾ, ಲಿಂಬಿಹಣ್ಣ ಎಲ್ಲೈತಿ? ಕೊಡು.”

“ಯಾವ ಲಿಂಬಿಹಣ್ಣ?”

“ಸೆರಗಿನ್ಯಾಗ ಗಂಟ ಹಾಕೀಯಲ್ಲ, ಅದು.”

ವೈನಿ ಗಂಟು ಬಿಚ್ಚಿ ಹಣ್ಣನ್ನು ಒಪ್ಪಿಸಿದರು.

ಬೇಸಿಗೆಯಲ್ಲಿ ನಮ್ಮ ವೈನಿ ಮನುಷ್ಯರ ಮುಖ ನೋಡುವುದಿಲ್ಲ. ಗೋಡೆ ನೋಡುತ್ತಾರೆ. ಅಂದು ನಾವು ಹೊರಟದ್ದು ಮುಧೋಳಕ್ಕೆ, ಗಂಡಿನ ಮನೆ ನೋಡಲು. ಮಾತುಕತೆ ಒಂದು ಹಂತಕ್ಕೆ ಬಂದ ಮೇಲೆ ಹೆಣ್ಣಿನ ಕಡೆಯ ಹಿರಿಯರು ಹೀಗೆ ಹೋಗಿ ಬರುವುದು ನಮ್ಮಲ್ಲಿ ಪದ್ಧತಿ. ಹೆಸರಿಗೆ ಮನೆ ನೋಡುವುದು, ನೋಡುವುದೆಲ್ಲ ಮಂದಿಯನ್ನು. ಮನೆ ನೋಡಲು ಹೋಗಿ ಖಂಡಿತವಾಗಿ ಮನೆಯನ್ನೇ ನೋಡಿ ಬರುವವರು ಈ ಸೀಮೆಯಲ್ಲಿ ನಮ್ಮ ವೈನಿ ಒಬ್ಬರೇ!

ನಮ್ಮದು ಎರೆಮಣ್ಣಿನ ನೆಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಸೀಳುತ್ತದೆ. ಮೇಲಿರುವ ಮನೆ ಅದರ ಜೊತೆ ಏಳಬೇಕು, ಇಳಿಯಬೇಕು. ಮಾರ್ಚ್ ಬಂತೆಂದರೆ ಉಳಿದವರು ಮಜ್ಜಿಗೆ ಹುಡುಕುತ್ತಾರೆ, ವೈನಿ ಬಿರುಕು ಹುಡುಕುತ್ತಾರೆ. ಯಾರ ಮನೆಗೆ ಹೋದರೂ ಮೊದಲು ಹೊರಗೊಂದು ಸುತ್ತು. ಗೋಡೆಯ ಬುಡದಿಂದ ಮಣ್ಣು ಬಿಟ್ಟುಕೊಂಡಿದೆಯೇ? ಬೇವಿನ ಮರ ತೀರ ಹತ್ತಿರ ನಿಂತು ನೆಲದ ಹಸಿಯನ್ನೆಲ್ಲ ಕುಡಿಯುತ್ತಿದೆಯೇ? ಆಮೇಲೆ ಒಳಗೆ ಬಂದು ಬಾಗಿಲನ್ನು ಅರ್ಧ ತೆರೆದು ಬಿಡುತ್ತಾರೆ, ಅದು ತಾನಾಗಿ ಸರಿಯುತ್ತದೆಯೋ ಎಂದು. “ಆರಾಮ ಅದೀರಿಲ್ಲೋ?” ಎಂದು ಕೇಳುತ್ತಾರೆ ನಿಜ, ಆದರೆ ಆಗ ಅವರ ಕಣ್ಣು ಕಿಟಕಿಯ ಮೂಲೆಯಲ್ಲಿರುತ್ತದೆ. ಉತ್ತರ ಕೊಡಬೇಕಾದವರು ನಾವೋ, ಗೋಡೆಯೋ? ಶಾಲಾ ಮಾಸ್ತರನಾಗಿ ಗಂಟೆಯ ಪ್ರಕಾರ ಆಯುಷ್ಯ ಕಳೆದ ನನಗೆ ಇಂದಿಗೂ ಇತ್ಯರ್ಥವಾಗಿಲ್ಲ.

ನಗಬೇಡಿ. ಪಕ್ಕದ ಮನೆಯವರು ಹೊಸದಾಗಿ ಬಣ್ಣ ಹಚ್ಚಿಸಿ ನಮ್ಮನ್ನು ಚಹಾಕ್ಕೆ ಕರೆದಿದ್ದರು. ವೈನಿ ಬಚ್ಚಲ ಕಡೆಯ ಗೋಡೆಗೆ ಅಂಗೈ ಇಟ್ಟು, “ಈ ಮೂಲಿ ಕುಂದರಾಕತ್ತೈತಿ. ಕೆಳಗ ಪೈಪ್ ಸೋರತೈತಿ, ನೋಡಸ್ರಿ” ಎಂದರು.

ಮನೆಯ ಯಜಮಾನರಿಗೆ ಸಿಟ್ಟು. “ನೆಲದಾಗಿಂದು ನಿಮಗ ಕಾಣತೈತೇನ್ರಿ?”

“ಇಲ್ರಿ. ಸುತ್ತಲ ಭೂಮಿ ಸೀಳೇತಿ, ಈ ಮೂಲ್ಯಾಗಷ್ಟ ಹುಲ್ಲು ಹಸರೈತಿ. ಒಂದ ಕಡೆ ಹಸಿ, ಒಂದ ಕಡೆ ಒಣ ಅಂದ್ರ ಮನಿ ವಾಲದ ಏನ ಮಾಡತೈತ್ರಿ?”

ಅಗೆಸಿದರು. ಪೈಪು ಒಡೆದಿತ್ತು. ಅಂದಿನಿಂದ ನಮ್ಮ ಓಣಿಯವರು ಹಾವು ಬಂದರೂ ವೈನಿಯನ್ನೇ ಕರೆಯುತ್ತಾರೆ.

ಇನ್ನು ಲಿಂಬೆಹಣ್ಣು. ಅದು ನೆಲದ ವಾಟ, ಅಂದರೆ ಇಳಿಜಾರು, ನೋಡುವ ಸಾಧನ. ಹೋದ ವರ್ಷ ಬೀಳಗಿಯಲ್ಲಿ ಒಂದು ಗಂಡಿನ ಮನೆ ನೋಡಲು ಹೋದಾಗ ವೈನಿ ಅದನ್ನು ಪಡಸಾಲೆಯಲ್ಲಿ ಮೆಲ್ಲಗೆ ಬಿಟ್ಟರು. ಅದು ಉರುಳುತ್ತ, ಉರುಳುತ್ತ, ದೇವರ ಕೋಣೆಯ ಹೊಸ್ತಿಲಿಗೆ ಹೋಗಿ ನಿಂತಿತು. ಹುಡುಗನ ಅಜ್ಜಿ ಎದ್ದು ನಿಂತು, “ಮಾಟ ಮಾಡಾಕ ಬಂದೀರೇನ್ರಿ?” ಎಂದರು. ಬಸ್ಸಿನಲ್ಲಿ ವೈನಿ ನಮಗೆ ಸಮಾಧಾನ ಹೇಳಿದರು: “ಛಲೋ ಆತು ಬಿಡು. ಆ ದೇವರ ಕೋಲಿ ಎರಡ ಇಂಚ ಇಳದೈತಿ.”

ಆಗ ಮಗಳು ನಕ್ಕಿದ್ದಳು. ಈ ಸಲ ನಗಲಿಲ್ಲ. ಮುಧೋಳದ ಹುಡುಗ ಅವಳ ಮನಸ್ಸಿಗೆ ಬಂದಿದ್ದ. ನಾವು ಮೆಟ್ಟಿಲಿಳಿಯುವಾಗ, “ದೊಡ್ಡವ್ವಾ, ಇವತ್ತೊಂದಿನ ಗ್ವಾಡಿ ನೋಡಬ್ಯಾಡ” ಎಂದಳು. ವೈನಿ ಚಪ್ಪಲಿ ಮೆಟ್ಟಿದರು.

ಮುಧೋಳದ ಮನೆಯಲ್ಲಿ ಬೇಸನ್ ಉಂಡಿ ಕೊಟ್ಟರು. ವೈನಿ ಉಂಡಿ ನೋಡಿದರು, ನೆಲ ನೋಡಿದರು. ನನ್ನ ಹೆಂಡತಿ ಚಟ್ಟನೆ ಆ ತಟ್ಟೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಗಂಡಾಂತರ ಕಳೆಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ವೈನಿ ಎದ್ದು ಕಿಟಕಿಯ ಹತ್ತಿರ ಹೋದರು. ಅಲ್ಲಿ ಕ್ಯಾಲೆಂಡರು ಮೊಳಕಾಲೆತ್ತರದಲ್ಲಿ ತೂಗುತ್ತಿತ್ತು. ಅಷ್ಟು ಕೆಳಗೆ ತಿಥಿ ನೋಡುವವರು ಯಾರು? ವೈನಿ ಅದನ್ನು ಎತ್ತಿದರು. ಹಿಂದೆ ಓರೆಯಾಗಿ ಇಳಿದ ಬಿರುಕು.

ಹುಡುಗನ ತಾಯಿಯ ಮುಖ ಬಿಳುಪಾಯಿತು. ಹುಡುಗ ಮೆಲ್ಲಗೆ, “ಅವ್ವಾ, ಮುಚ್ಚಬ್ಯಾಡ ಅಂದಿದ್ದೆ” ಎಂದ.

ಬಿರುಕಿಗೆ ಅಡ್ಡಲಾಗಿ ಸಣ್ಣ ಸಣ್ಣ ಪೆನ್ಸಿಲ್ ಗೆರೆಗಳಿದ್ದವು, ಪಕ್ಕದಲ್ಲಿ ತಿಂಗಳ ಹೆಸರು.

“ಇವನ್ನ ಯಾರ ಹಾಕ್ಯಾರ?”

“ನಾನ್ರಿ. ಬ್ಯಾಸಿಗ್ಯಾಗ ಬಿಡತೈತಿ, ಮಳಿ ಬಿದ್ದಮ್ಯಾಲ ಕೂಡತೈತಿ. ಗೆರಿ ದಾಟಿ ಮುಂದ ಹೋದ್ರ ಇಂಜಿನಿಯರ್‌ನ ಕರಸಬೇಕಂತ ಮಾಡೇನ್ರಿ.”

“ಬ್ಯಾಸಿಗ್ಯಾಗ ಮನಿ ಸುತ್ತ ನೀರ ಹಾಕ್ತೀಯೇನಪಾ?”

“ಹಾಕ್ತೇನ್ರಿ. ನಾಲ್ಕೂ ಕಡೆ ಒಂದ ಸಮ, ಗ್ವಾಡಿ ಬಿಟ್ಟು ಎರಡ ಮೊಳ ದೂರ. ಸೀಳಿನ್ಯಾಗ ಹೊಯ್ಯೂದಿಲ್ರಿ.”

ವೈನಿ ಆ ಗೆರೆಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಬೀಳಗಿಯ ಹಾಗೆ ಇದೂ ಮುಗಿಯಿತು ಎಂದುಕೊಂಡೆ. ಮಗಳಿಗೆ ಏನು ಹೇಳಲಿ? ವೈನಿ ಕ್ಯಾಲೆಂಡರನ್ನು ಸುತ್ತಿ ಹುಡುಗನ ತಾಯಿಯ ಕೈಗೆ ಕೊಟ್ಟರು. “ಇದನ್ನ ಆ ಗ್ವಾಡಿಗೆ ಹಾಕ್ರಿ. ಈ ಬಿರುಕ ಕಾಣಲಿ.” ಬಂದು ಕುಳಿತು ಎರಡು ಉಂಡಿ ತಿಂದರು. ತಿನ್ನುತ್ತ ಆ ಹುಡುಗನ ಮುಖವನ್ನೇ ನೋಡಿದರು. ಬೇಸಿಗೆಯಲ್ಲಿ!

ಸಂಜೆ ಐದಕ್ಕೆ ಮನೆ ತಲುಪಿದೆವು. ಮಗಳು ಬಾಗಿಲಲ್ಲೇ ನಿಂತಿದ್ದಳು.

“ಹುಡುಗ ಛಲೋ ಅದಾನ,” ಎಂದರು ವೈನಿ.

“ಮತ್ತ ಮನಿ?”

“ಮನಿ ಅಂವ ನೋಡ್ಕೋತಾನ.”

ಮಗಳು ಅವರ ಸೆರಗು ಹಿಡಿದುಕೊಂಡು ಅತ್ತಳು. ಬೆಳಿಗ್ಗೆ ಕಸಿದುಕೊಂಡ ಲಿಂಬೆಹಣ್ಣನ್ನು ಹಿಂಡಿ ಎಲ್ಲರಿಗೂ ಪಾನಕ ಮಾಡಿಕೊಟ್ಟಳು.

ಕತ್ತಲಾಗುವ ಮೊದಲು ವೈನಿ ನನ್ನನ್ನು ಕರೆದರು. “ತಮ್ಮಾ, ಪೆನ್ಸಿಲ್ ತಗೊಂಡ ಬಾ.”

ಅವರ ಕೋಣೆಯಲ್ಲಿ, ಮಂಚದ ಹಿಂದೆ, ಗೇಣಗಲದ ಗೋಡೆಗೆ ಅವರು ಎಂದೂ ಸುಣ್ಣ ಹಚ್ಚಗೊಡುವುದಿಲ್ಲ. ಶಿಸ್ತಿನ ಮನುಷ್ಯನಾದ ನನ್ನ ಕಣ್ಣಿಗೆ ಅದು ಪ್ರತಿ ದೀಪಾವಳಿಗೂ ಚುಚ್ಚುತ್ತಿತ್ತು. ಅಂದು ಮಂಚ ಸರಿಸಿ ಹತ್ತಿರದಿಂದ ನೋಡಿದೆ. ಕೂದಲೆಳೆಯಂಥ ಬಿರುಕು, ಅದರ ಮೇಲೆ ಗೆರೆಗಳು, ಪಕ್ಕದಲ್ಲಿ ಅಣ್ಣನ ದುಂಡಗಿನ ಅಂಕಿಗಳಲ್ಲಿ ಇಸವಿಗಳು. ಬಿರುಕು ನೋಡುವವರು ವೈನಿ, ಗೆರೆ ಎಳೆಯುವವನು ಅಣ್ಣ. ಅವರ ಸಂಸಾರದ ಕೆಲಸ ಹಾಗೆ ಹಂಚಿಕೆಯಾಗಿತ್ತು. ಕೊನೆಯ ಗೆರೆ ಸ್ವಲ್ಪ ನಡುಗಿತ್ತು. ಅದರ ಮುಂದೆ ಏನೂ ಇರಲಿಲ್ಲ.

“ಅವರು ಹೋದಮ್ಯಾಲ ನನಗ ಎಳಿಯಾಕ ಕೈ ಬರಲಿಲ್ಲ,” ಎಂದರು ವೈನಿ. ಹೆಬ್ಬೆರಳಿನಿಂದ ಬಿರುಕಿನ ತುದಿ ಸವರಿದರು. “ಅವರು ಎಳದಲ್ಲೇ ನಿಂತೈತಿ ನೋಡು.”

ಆಮೇಲೆ ಅಣ್ಣನ ಗೆರೆಗೆ ತಾಗಿಸಿ, ಅಷ್ಟೇ ಉದ್ದದ ಇನ್ನೊಂದು ಗೆರೆ ಎಳೆದು ಈ ವರ್ಷದ ಇಸವಿ ಬರೆದರು. ನಾನು ಮಂಚವನ್ನು ಮತ್ತೆ ಗೋಡೆಗೆ ಸರಿಸಿದೆ.