ತಲೆ ತಗ್ಗಿಸಿ ನಡೆಯುವ ಹುಡುಗ

ರೇಷ್ಮೆಗೆ ಹೆಸರಾದ ಮರ್ಗಿಲಾನ್ ಊರಿನ ನಮ್ಮ ಓಣಿಯಲ್ಲಿ ಬೆಳಗಾಗುವುದು ಬಾಗಿಲ ಮುಂದೆ ನೀರು ಚಿಮುಕಿಸುವ ಸದ್ದಿನಿಂದ. ಅಂದು ಆ ಕೆಲಸ ಅಸಿಲ್‌ಬೆಕ್‌ನ ಪಾಲಿಗೆ ಬಂದಿತ್ತು. ಬಕೆಟ್ಟು ಕಾಲ ಬಳಿ, ಚೊಂಬು ಎಡಗೈಯಲ್ಲಿ, ಫೋನು ಬಲಗೈಯಲ್ಲಿ, ಎದೆಗೆ ಹತ್ತಿರ. ಅರ್ಧ ನೀರು ಓಣಿಗೆ ಬೀಳುತ್ತಿತ್ತು, ಅರ್ಧ ಅವನ ಚಪ್ಪಲಿಗೆ. ರೇಷ್ಮೆ ಬಟ್ಟೆ ಮಾರುವವನಿಗೆ ಗಿರಾಕಿಗಳೆಲ್ಲ ಫೋನಿನಲ್ಲೇ ಇರುತ್ತಾರೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕುರಿ ಬೇಲಿ ಹಾರುವ ಆಟವೂ ಅದರಲ್ಲೇ ಇರುತ್ತದೆ.

"ಅಸಿಲ್! ನೀರು ಹಾಕ್ತಿದ್ದೀಯೋ, ನಿಂತಲ್ಲೇ ನಿದ್ದೆ ಹೊಡೀತಿದ್ದೀಯೋ?" ತಾಯಿ ಹಲೀಮಾ ಅಂಗಳದಿಂದ ಕೂಗಿದರು.

"ಹಾಕ್ತಿದ್ದೀನಮ್ಮಾ!" ಎನ್ನಲು ಅವನು ತಟ್ಟನೆ ತಲೆ ಎತ್ತಿದ. ಕುತ್ತಿಗೆಯೊಳಗೆ ಲಟಕ್ ಎಂದಿತು. ತಲೆ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು, ಮುನಿಸಿಕೊಂಡ ಕತ್ತೆಯ ಹಾಗೆ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಅವನ ಅಕ್ಕನ ಮಗಳು, ಐದು ವರ್ಷದ ಬಿನಫ್ಶಾ, ಹೊಸ್ತಿಲ ಮೇಲೆ ಕೂತು ಒಣ ಏಪ್ರಿಕಾಟ್ ಚೀಪುತ್ತಿದ್ದಳು. "ಮಾಮ, ಒಂದು ಕೇಳ್ಲಾ?" ಎಂದಳು.

"ಆಮೇಲೆ ಕೇಳೇ, ಮೊದ್ಲು ಅಜ್ಜೀನ ಕರಿ!"

ಹಲೀಮಾ ಬಂದರು. ಅವರ ಹಿಂದೆಯೇ, ಗೋಡೆಗೆ ಕಿವಿ ಇಟ್ಟುಕೊಂಡೇ ಏಳುವ, ಓಣಿಗೆಲ್ಲ ಚಿಕ್ಕಮ್ಮನಾದ ಪಕ್ಕದ ಮನೆಯ ರಿಸಾಲತ್ ಖೋಲಾ ಕೂಡ ಬಂದರು.

"ದೃಷ್ಟಿ ಕಣೇ ಹಲೀಮಾ, ದೃಷ್ಟಿ! ಕುರಿಬಾಲದ ಕೊಬ್ಬು ಬಿಸಿ ಮಾಡಿ ತಿಕ್ಕು. ಇವತ್ತೇ ಹೀಗಾಗ್ಬೇಕಾ ಈ ಮಗೂಗೆ!"

ಇವತ್ತೇ ಆಗಬಾರದಿತ್ತು, ನಿಜ. ಸಂಜೆ ಚಹಾದಂಗಡಿಗೆ ಶಹಲಾಳ ಅಜ್ಜ ಮಿರ್ಜಾಹಿದ್ ಓತಾ ಬರುವವರಿದ್ದರು; ಹಿರಿಯರನ್ನು ನಾವು ಓತಾ ಎಂದೇ ಕರೆಯುವುದು. ಶಾಲೆಯಲ್ಲಿ ಪಾಠ ಹೇಳುವ, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುವ ಶಹಲಾ. ಅಸಿಲ್‌ಬೆಕ್‌ಗೆ ಅವಳೆಂದರೆ ಪ್ರಾಣ. ಅವಳಿಗೂ ಅವನು ಸರಿ ಎನ್ನಿಸಿತ್ತು. ಇನ್ನು ಬೇಕಾದದ್ದು ಅಜ್ಜನ ಒಪ್ಪಿಗೆ ಒಂದೇ. ಹುಡುಗ ಮನಸ್ಸಿಗೆ ಬಂದರೆ ಅಜ್ಜ ಅಲ್ಲೇ ರೊಟ್ಟಿ ಮುರಿಯುತ್ತಾರೆ. ಎರಡೂ ಕಡೆಯ ಹಿರಿಯರು ಒಂದೇ ರೊಟ್ಟಿ ಹಿಡಿದು ಮುರಿದರೆಂದರೆ ಮದುವೆ ನಿಶ್ಚಯವಾದಂತೆಯೇ. ಆಮೇಲೆ ಯಾರೂ ಮಾತು ತಿರುಗಿಸುವಂತಿಲ್ಲ.

ಈ ಸಂಬಂಧ ಇಷ್ಟು ದೂರ ಬಂದದ್ದೇ ಅಸಿಲ್‌ಬೆಕ್‌ನ ವಿನಯದಿಂದ. ಎದುರಿಗೆ ಸಿಕ್ಕವರಿಗೆ ಬಲಗೈ ಎದೆಗಿಟ್ಟು ತಲೆ ಬಾಗಿಸುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಅಸಿಲ್‌ಬೆಕ್ ಮಾತ್ರ ಆ ಭಂಗಿಯಿಂದ ಹೊರಗೇ ಬರುತ್ತಿರಲಿಲ್ಲ. ಮನೆಯಿಂದ ಹೊರಟರೆ ಕೈ ಎದೆಯ ಮೇಲೆ, ತಲೆ ಕೆಳಗೆ, ಮೆಲ್ಲಗೆ ಪುಟ್ಟ ಪುಟ್ಟ ಹೆಜ್ಜೆ. ಓಣಿಯ ಹಿರಿಯರ ಕಣ್ಣು ಮಂಜು, ಅವನ ಅಂಗಿಯ ತೋಳು ಉದ್ದ. ಅಂಗೈಯೊಳಗಿನ ಫೋನು ಯಾರಿಗೂ ಕಾಣುತ್ತಿರಲಿಲ್ಲ. ಕಣ್ಣಿನ ಅಂಚಿಗೆ ಯಾರದೋ ಬೂಟು ಬಂದರೆ ಬಾಯಿ ತಾನಾಗಿಯೇ ಸಲಾಮು ಹೇಳುತ್ತಿತ್ತು. "ಈ ಕಾಲದಲ್ಲೂ ಇಂಥ ಹುಡುಗ!" ಎಂದು ಓಣಿಯ ಯಜಮಾನ ನೊರ್ಮತ್ ಓತಾ ಹೋದಲ್ಲೆಲ್ಲ ಹೊಗಳಿ, ಆ ಮಾತನ್ನು ಶಹಲಾಳ ಅಜ್ಜನ ಕಿವಿಗೂ ಮುಟ್ಟಿಸಿದ್ದರು.

"ಕುತ್ತಿಗೆ ನೋವು ಅಂತ ಯಾರ ಹತ್ರಾನೂ ಬಾಯಿ ಬಿಡ್ಬೇಡಿ," ಎಂದು ಹಲೀಮಾ ಪಿಸುಗುಟ್ಟಿದರು. "ಯಾಕೆ ಬಂತು ಅಂತ ಕೇಳ್ತಾರೆ. ಫೋನು ಅಂತ ಗೊತ್ತಾದ್ರೆ ಮುಗೀತು. ಆ ಅಜ್ಜನಿಗೆ ಫೋನ್ ಹಿಡಿದ ಹುಡುಗ್ರನ್ನ ಕಂಡ್ರೆ ಮೈಯೆಲ್ಲಾ ಉರಿಯುತ್ತಂತೆ."

ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಅವನನ್ನು ಉದ್ದನೆಯ ಪಡಸಾಲೆಯಲ್ಲಿ ನಡೆಸಿ ನೋಡಿದಳು.

"ವಯಸ್ಸೆಷ್ಟಪ್ಪ?"

"ಇಪ್ಪತ್ತಮೂರು."

"ನಿನ್ನ ನಡಿಗೆಗೆ ಎಪ್ಪತ್ತಾಗಿದೆ. ಕಲ್ಲಂಗಡಿ ಹೊತ್ತಿದ್ದೀಯಾ ಯಾವತ್ತಾದ್ರೂ? ಹೆಗಲ ಮೇಲೆ ನೆಟ್ಟಗೆ ಇಟ್ಕೊಂಡ್ರೆ ಮೈಲಿ ನಡೀಬಹುದು. ಕೈ ಮುಂದೆ ಚಾಚಿ ಹಿಡ್ಕೊಂಡ್ರೆ ನಾಲ್ಕು ಹೆಜ್ಜೆಗೆ ಉಸ್ಸಪ್ಪಾ. ತಲೇನೂ ಅಷ್ಟೇ. ನೀನು ಅದನ್ನ ಮುಂದಕ್ಕೆ ಜೋತುಬಿಟ್ಟು ನಡೀತೀಯ, ಎಲ್ಲಿ ಮುಗ್ಗರಿಸ್ತೀನೋ ಅಂತ ಕಾಲು ಹೆದರ್ಕೊಂಡು ಸಣ್ಣ ಸಣ್ಣ ಹೆಜ್ಜೆ ಇಡುತ್ತೆ."

ಹಾಗೆಂದವಳೇ ಕುತ್ತಿಗೆಗೆ ಬಿಳಿ ಪಟ್ಟಿಯೊಂದನ್ನು ಬಿಗಿದಳು. ಗಲ್ಲ ಮೇಲೆದ್ದಿತು. ಫೋನನ್ನು ಕಿತ್ತು ಹಲೀಮಾರ ಚೀಲಕ್ಕೆ ಹಾಕಿದಳು. "ನಾಳೆವರೆಗೆ ಪಟ್ಟಿ ಬಿಚ್ಚೋ ಹಾಗಿಲ್ಲ. ಇದನ್ನ ಮುಟ್ಟೋ ಹಾಗೂ ಇಲ್ಲ."

ಹಲೀಮಾ ಸಂಜೆಯ ತಿಂಡಿಗೆಂದು ಪೇಟೆಯತ್ತ ಹೋದರು. ಅಸಿಲ್‌ಬೆಕ್ ಬಿನಫ್ಶಾಳ ಕೈ ಹಿಡಿದು ಮನೆಯತ್ತ ಹೊರಟ. ಬಿಸಿಲಲ್ಲೂ ಅಂಗಿಯ ಕಾಲರು ಮೇಲೆತ್ತಿ ಪಟ್ಟಿ ಮುಚ್ಚಿಕೊಂಡಿದ್ದ. ಹೊರಟವನಿಗೇ ಆಶ್ಚರ್ಯ. ಹೆಜ್ಜೆ ತಾನಾಗಿ ಉದ್ದುದ್ದ ಬೀಳುತ್ತಿತ್ತು. ಎದೆ ತುಂಬ ಗಾಳಿ. ಕಟ್ಟು ಬಿಚ್ಚಿದ ಕುದುರೆಮರಿಯ ಹಾಗೆ ಅವನು ನಡೆದ; ಬಿನಫ್ಶಾ ಪಕ್ಕದಲ್ಲಿ ಓಡಿದಳು.

"ಅರೆ! ಈ ಮನೆಗೆ ನೀಲಿ ಬಾಗಿಲು ಯಾವಾಗ ಬಂತು?"

"ಅದು ಯಾವಾಗ್ಲೂ ಇತ್ತಲ್ಲ ಮಾಮ. ಒಂದು ಕೇಳ್ಲಾ?"

"ಆಮೇಲೆ. ಅಲ್ನೋಡು, ಹಿಪ್ಪುನೇರಳೆ ಮರ!"

ಆ ಮರದ ಕೆಳಗೆ ಬಿಳಿಗಡ್ಡದ ಮುದುಕರೊಬ್ಬರು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಸಲಾಮಿಗಾಗಿ ಕಾದರು. ಸಲಾಮು ಬರಲಿಲ್ಲ. ಅಸಿಲ್‌ಬೆಕ್ ಅವರ ಮುಖವನ್ನೇ ದಿಟ್ಟಿಸಿ ನೋಡಿದ, ಎಂದೂ ನೋಡದ ಊರನ್ನು ನೋಡುವಂತೆ.

"ಏನೋ, ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀಯಾ?"

"ಕ್ಷಮಿಸಿ ಅಜ್ಜಾ, ತಾವು ಯಾರು ಅಂತ..."

"ಯಾರಾ? ನಾನ್ಯಾರಾ?" ಮುದುಕರ ಗಡ್ಡ ನಡುಗಿತು.

ಬಿನಫ್ಶಾ ಮಾಮನ ಅಂಗಿ ಜಗ್ಗಿದಳು. "ಮಾಮ, ಕರೀ ರಬ್ಬರ್ ಗಲೋಷು. ಬಲಗಾಲಿಗೆ ತೇಪೆ."

"ಅಯ್ಯೋ, ನೊರ್ಮತ್ ಓತಾ! ಸಲಾಮು, ಸಲಾಮು!" ಪಾಪ, ಹುಡುಗನಿಗೆ ಇಡೀ ಓಣಿ ಗೊತ್ತಿತ್ತು, ಆದರೆ ಮೊಣಕಾಲಿಂದ ಕೆಳಗೆ ಮಾತ್ರ.

"ಹುಂಜದ ಹಾಗೆ ಕತ್ತೆತ್ತಿ, ಒಂಟೆ ಹಾಗೆ ದಾಪುಗಾಲು! ಹೆಣ್ಣು ಇನ್ನೂ ಕೈಗೆ ಸಿಕ್ಕಿಲ್ಲ, ಆಗ್ಲೇ ಇಷ್ಟು ಪೊಗರಾ? ಈ ಗಡ್ಡ ಹಿಡಿದು ನಿನ್ನ ವಿನಯಕ್ಕೆ ಮಾತು ಕೊಟ್ಟಿದ್ದೀನಿ ಕಣೋ. ಸಂಜೆ ಹೀಗೇ ಬಂದ್ರೆ, ರೊಟ್ಟಿ ಮುರಿಯೋಕೆ ಮೊದ್ಲು ನಿನ್ನ ಕಾಲು ಮುರೀತೀನಿ!"

ಮಧ್ಯಾಹ್ನದ ಹೊತ್ತಿಗೆ ಓಣಿಯಿಡೀ ಅದೇ ಮಾತು. ರೊಟ್ಟಿಯಂಗಡಿಯವನಿಗೆ ಅವನು "ಹೊಸಬರಾ?" ಎಂದು ಕೇಳಿದ್ದ. ಸ್ವಂತ ಚಿಕ್ಕಪ್ಪನನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದ. ಅವರು ಅಂದೇ ಹೊಸ ಬೂಟು ಹಾಕಿದ್ದರು. "ಹುಡುಗ ಕೆಟ್ಟ," ಎಂದರು ಗಂಡಸರು. "ಅಲ್ಲ, ದೃಷ್ಟಿ," ಎಂದರು ರಿಸಾಲತ್ ಖೋಲಾ, ಕೊಬ್ಬಿನ ಬಟ್ಟಲು ಹಿಡಿದು ಮೂರನೇ ಸಲ ಬಾಗಿಲು ತಟ್ಟುತ್ತ.

ಸಂಜೆ ಹಲೀಮಾ ಮಗನಿಗೆ ಹೊಸ ಟೊಪ್ಪಿ ಇಟ್ಟು, ಕಾಲರನ್ನು ಇನ್ನಷ್ಟು ಮೇಲೆತ್ತಿ, ಕೆನ್ನೆ ಸವರಿದರು. "ಹೇಗಾದ್ರೂ ಮಾಡಿ ಬಗ್ಗು ಕಂದಾ. ಒಂದೇ ಒಂದ್ಸಲ."

"ಕುತ್ತಿಗೆ ಬಗ್ಗಲ್ಲಮ್ಮ."

"ಕುತ್ತಿಗೆ ಬಗ್ಗದಿದ್ರೆ ಸೊಂಟ ಬಗ್ಗಿಸು. ಅದನ್ನೂ ಕೊಟ್ಟಿದ್ದಾನಲ್ಲ ದೇವರು."

ಚಹಾದಂಗಡಿಯ ಮರದ ಜಗಲಿಯ ಮೇಲೆ ಹಿರಿಯರು ಸಾಲಾಗಿ ಕೂತಿದ್ದರು. ನೆರಳಲ್ಲಿ ಎಲ್ಲವೂ ಬಿಳಿಗಡ್ಡ, ಎಲ್ಲವೂ ಒಂದೇ ಥರದ ಟೊಪ್ಪಿ. ಬೂಟುಗಳೆಲ್ಲ ಜಗಲಿಯ ಕೆಳಗಿದ್ದವು. ಅಸಿಲ್‌ಬೆಕ್ ಸಾಲಿನುದ್ದಕ್ಕೂ ಕಣ್ಣಾಡಿಸಿದ. ಕಾಲಿಲ್ಲದ ಬೂಟುಗಳಿಂದ ಯಾರನ್ನು ಗುರುತಿಸುವುದು? ಶಹಲಾಳ ಅಜ್ಜ ಇವರಲ್ಲಿ ಯಾರು? ತಪ್ಪು ಮುದುಕನಿಗೆ ಬಗ್ಗಿದರೆ ಶಹಲಾ ಕೈತಪ್ಪಿದಳು.

ಬಿನಫ್ಶಾ ಆಗಲೇ ಜಗಲಿಯ ಕೆಳಗೆ ಕೂತು, ಅಜ್ಜಿ ಕಲಿಸಿದ್ದಂತೆ, ಹಿರಿಯರು ಇಳಿದಾಗ ಸುಲಭವಾಗಲೆಂದು ಬೂಟುಗಳ ಮೂತಿಯನ್ನು ಹೊರಗೆ ತಿರುಗಿಸಿ ಜೋಡಿಸತೊಡಗಿದ್ದಳು.

ಅಸಿಲ್‌ಬೆಕ್ ಧೈರ್ಯ ಮಾಡಿ ಇಡೀ ಸಾಲಿಗೆ ಒಟ್ಟಿಗೆ ಬಗ್ಗಿದ. ಬಲಗೈ ಎದೆಗೆ, ಬೆನ್ನು ಹಲಗೆಯಂತೆ ನೆಟ್ಟಗೆ, ಸೊಂಟದಿಂದ ಆಳಕ್ಕೆ.

ಏಳಲು ಹೋದ. ಸೊಂಟದೊಳಗೆ ಲಟಕ್ ಎಂದಿತು.

"ಆಯ್ತಪ್ಪ, ಏಳು," ಎಂದಿತು ಸಾಲಿನ ನಡುವಿನ ಒಂದು ಸ್ವರ. ಅವನು ಏಳಲಿಲ್ಲ.

"ಸಾಕು ಮಗನೇ. ನಾನು, ಶಹಲಾಳ ಅಜ್ಜ ಹೇಳ್ತಿದ್ದೀನಿ, ಏಳು." ಅವನು ಇನ್ನೂ ಏಳಲಿಲ್ಲ. ಹಣೆಯಿಂದ ಬೆವರು ತೊಟ್ಟಿಕ್ಕಿತು.

"ಏಳು ಅಂದ್ರೂ ಏಳ್ತಿಲ್ಲ!" ಮೂಲೆಯ ಮುದುಕರೊಬ್ಬರು ಕಣ್ಣೊರೆಸಿಕೊಂಡರು. "ಇಂಥ ಬಾಗು ನಮ್ಮ ತಂದೆ ಕಾಲದಲ್ಲಿ ನೋಡಿದ್ದೆ. ಆಮೇಲೆ ನೋಡೇ ಇಲ್ಲ."

ನೊರ್ಮತ್ ಓತಾ ಎದ್ದು ಬಂದು ಅವನ ಎರಡೂ ಭುಜ ಹಿಡಿದು ಎತ್ತಿದರು. "ಬೆಳಗ್ಗೆ ನಿನ್ನನ್ನ ಹುಂಜ ಅಂದೆ. ನನ್ನ ನಾಲಿಗೆ ಸೇದಿಹೋಗ್ಲಿ."

"ಬಿಡಿ ಅಜ್ಜಾ," ಎಂದ ಅಸಿಲ್‌ಬೆಕ್, ನೋವಿಗೆ ಕಣ್ತುಂಬಿ. ಆ ಕಣ್ಣೀರನ್ನೂ ಎಲ್ಲರೂ ಗೌರವವೆಂದೇ ಎಣಿಸಿದರು.

ಈಗ ಅವನು ಶಹಲಾಳ ಅಜ್ಜನ ಮುಖ ನೋಡಬಹುದಿತ್ತು. ಆದರೆ ಮುಖ ಕಾಣಲಿಲ್ಲ. ಮಿರ್ಜಾಹಿದ್ ಓತಾ ತಲೆ ತಗ್ಗಿಸಿ, ಬಲಗೈಯನ್ನು ನಿಲುವಂಗಿಯೊಳಗೆ ಎದೆಯ ಮೇಲಿಟ್ಟು ಕೂತಿದ್ದರು. ಬಂದಾಗಿನಿಂದ ಹಾಗೆಯೇ ಇದ್ದರಂತೆ. ದಾರಿಯಲ್ಲೂ ಹಾಗೇ, ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಬಂದರಂತೆ. "ಎಂಥಾ ವಿನಯ!" ಎಂದು ಹಿರಿಯರು ಪಿಸುಗುಟ್ಟಿಕೊಂಡರು. "ಅಜ್ಜನಿಗೆ ತಕ್ಕ ಅಳಿಯ."

"ನನಗೆ ಹುಡುಗ ಒಪ್ಪಿಗೆ," ಎಂದರು ಮಿರ್ಜಾಹಿದ್ ಓತಾ ತಲೆ ಎತ್ತದೆಯೇ. "ಒಂದೇ ಮಾತು. ನಮ್ಮ ಮನೆಗೆ ಬಂದೋರ ಫೋನು ಬಾಗಿಲ ಹತ್ರದ ಪೆಟ್ಟಿಗೇಲಿ ಇರುತ್ತೆ. ಈಗಿನ ಹುಡುಗ್ರು ಕತ್ತು ಬಗ್ಗಿಸಿ ಅದನ್ನೇ ನೋಡ್ತಾ ಎಮ್ಮೆ ಥರ ನಡೀತಾರೆ. ನಿನಗೆ ಆ ಚಟ ಇಲ್ಲ ಅಂತ ಕೇಳಿದ್ದೀನಿ."

ಗಿರಾಕಿಗಳು, ಬೇಲಿ ಹಾರುವ ಕುರಿಗಳು, ಎಲ್ಲವೂ ಅಸಿಲ್‌ಬೆಕ್‌ನ ಕಣ್ಮುಂದೆ ಹಾದುಹೋದವು. ಅವುಗಳ ಹಿಂದೆ ಕೆನ್ನೆಯಲ್ಲಿ ಗುಳಿ ಬಿದ್ದ ಶಹಲಾ ಬಂದಳು.

"ಇಲ್ಲ ಅಜ್ಜಾ," ಎಂದ. ಕುತ್ತಿಗೆ ಪಟ್ಟಿ ಅವನ ತಲೆಯನ್ನು ಎಷ್ಟು ನೆಟ್ಟಗೆ ಹಿಡಿದಿತ್ತೆಂದರೆ ಅದು ಸತ್ಯದಂತೆಯೇ ಕೇಳಿಸಿತು.

ಸುದ್ದಿ ಹೊರಗೆ ಹಾರಿತು. ಬಾಗಿಲ ಬಳಿ ನಿಂತಿದ್ದ ಹಲೀಮಾ ಸೆರಗಿನಿಂದ ಕಣ್ಣೊತ್ತಿಕೊಂಡರು. ರಿಸಾಲತ್ ಖೋಲಾ ಕೊಬ್ಬಿನ ಬಟ್ಟಲನ್ನು ಮೇಲೆತ್ತಿ, "ದೃಷ್ಟಿ ಹೋಯ್ತು!" ಎಂದು ಕೂಗಿದರು. ಓಣಿಯವರೆಲ್ಲ ಒಳಗೆ ನುಗ್ಗಿ ಅಸಿಲ್‌ಬೆಕ್‌ನ ಬೆನ್ನು ತಟ್ಟಿದರು. ಒಂದೊಂದು ತಟ್ಟಿಗೂ ಅವನು ಹಲ್ಲು ಕಚ್ಚಿ ನಕ್ಕ. ಬೆಳಗ್ಗೆ ಹೊಸಬರಾ ಎನ್ನಿಸಿಕೊಂಡ ರೊಟ್ಟಿಯಂಗಡಿಯವನೇ ತಂದೂರಿನಿಂದ ಎಳ್ಳು ಹಾಕಿದ ದೊಡ್ಡ ರೊಟ್ಟಿ ತಂದ.

ನೊರ್ಮತ್ ಓತಾ ರೊಟ್ಟಿಯ ಒಂದು ಬದಿಯನ್ನು ಎರಡೂ ಕೈಯಲ್ಲಿ ಹಿಡಿದರು. ಮಿರ್ಜಾಹಿದ್ ಓತಾ ಇನ್ನೊಂದು ಬದಿಗೆ ಎಡಗೈ ಚಾಚಿದರು. ಬಲಗೈ ನಿಲುವಂಗಿಯಿಂದ ಹೊರಗೆ ಬರಲಿಲ್ಲ.

"ಎರಡೂ ಕೈ ಹಾಕಿ ಓತಾ, ರೊಟ್ಟಿ ಅಲ್ವಾ."

"ಹಾಂ. ಹಾಕ್ತೀನಿ. ಒಂದ್ನಿಮಿಷ." ಕೈ ಹೊರಗೆ ಬರಲಿಲ್ಲ.

ರೊಟ್ಟಿಯ ಆವಿ ಮೇಲೇಳುತ್ತಿತ್ತು. ಅಸಿಲ್‌ಬೆಕ್ ಮನಸ್ಸಿನಲ್ಲೇ ಎರಡೂ ಕೈ ಹಾಕಿ ಅದನ್ನು ಮುರಿಯುತ್ತಿದ್ದ.

ಜಗಲಿಯ ಕೆಳಗೆ, ಬೂಟುಗಳ ನಡುವೆ, ಬಿನಫ್ಶಾ ಅಜ್ಜನ ನಿಲುವಂಗಿಯೊಳಕ್ಕೇ ಕತ್ತೆತ್ತಿ ನೋಡುತ್ತಿದ್ದಳು. ಬೆಳಗಿನಿಂದ ಮಾಮ ಆಮೇಲೆ, ಆಮೇಲೆ ಎಂದಿದ್ದ. ಈಗ ಎಲ್ಲರೂ ಸುಮ್ಮನಿದ್ದರು. ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ.

"ಅಜ್ಜಾ," ಎಂದಳು ಅವಳು, ಇಡೀ ಚಹಾದಂಗಡಿಗೆ ಕೇಳುವಂತೆ, "ನೀವೂ ನಮ್ಮ ಅಸಿಲ್ ಮಾಮನ ಹಾಗೇನೇ ದಿನಾ ತಲೆ ಬಗ್ಗಿಸ್ಕೊಂಡು ಫೋನಲ್ಲಿ ಕುರಿ ಹಾರಿಸ್ತೀರಾ?"