ಎಂಟನೆಯ ಕೊಡ

ತೆಲಿಗಿಯ ಕೆಳಗಿನ ಓಣಿಗೆ ಇದ್ದದ್ದು ಒಂದೇ ನಲ್ಲಿ. ಅದು ತನ್ನ ಮನೆಯ ಮುಂದಿದ್ದದ್ದೇ ಏಕಾಂತಪ್ಪನ ಗ್ರಹಚಾರ. ಮನೆಗೆ ಎಂಟು ಕೊಡ ಎಂದು ಓಣಿಯವರು ಗೊತ್ತುಮಾಡಿ, ಎಣಿಸುವ ಕೆಲಸವನ್ನು ಅವನ ಕೊರಳಿಗೆ ಕಟ್ಟಿದ್ದರು. ಪಾಪ, ಮೋಟಾರು ರಿಪೇರಿ ಅಂಗಡಿಯ ಬಾಗಿಲು ತೆಗೆಯುವುದು ಬಿಟ್ಟು, ಏಳೋ ಎಂಟೋ ಎಂದು ದಿನಾ ಬೈಸಿಕೊಳ್ಳುತ್ತಿದ್ದ.

"ಇನ್ನೊಂದ್ಸಲ ಕೊಡ ಎಣಿಸಾಕ ಕುಂತ್ರ ನಾ ಹೊಳಲಿಗೆ ಹೋಗ್ತೀನಿ ನೋಡ್ರಿ," ಎಂದಳು ಹೆಂಡತಿ ಪುಷ್ಪಲತಾ. ಹೊಳಲು ಅವಳ ತವರು.

ಏಕಾಂತಪ್ಪ ಹದಿನೈದು ದಿನ ಫೋನು ನೋಡಿ, ಪ್ಲಾಸ್ಟಿಕ್ ಹಲಗೆಯಲ್ಲಿ ಕಾಲುವೆ ಕೊರೆದು, ನೀರೇ ನೀರನ್ನು ಎಣಿಸುವ ಯಂತ್ರ ಮಾಡಿದ. ಕರೆಂಟು ಬೇಡ, ಸೆಲ್ಲು ಬೇಡ. ಕಾಲುವೆ ಕವಲೊಡೆಯುವಲ್ಲಿ ನೀರು ಎಡಗೋಡೆಗೆ ಅಂಟಿಕೊಂಡು ಹರಿಯುತ್ತದೆ. ಒಂದು ಕೊಡ ತುಂಬಿ, ನಲ್ಲಿ ನಿಲ್ಲಿಸಿ ಮತ್ತೆ ಬಿಟ್ಟರೆ ಬಲಗೋಡೆಗೆ ಹೊರಳುತ್ತದೆ. ಒಂದು ಕವಲಿಗೆ ಎರಡು, ಎರಡಕ್ಕೆ ನಾಲ್ಕು, ಮೂರು ಸೇರಿದರೆ ಎಂಟರ ಲೆಕ್ಕ. ಎಂಟು ಕೊಡ ತುಂಬಿದರೆ ಕೆಂಪು ಚೆಂಡು ಮೇಲೇಳುತ್ತದೆ. ಆಗ ನೀರು ಯಂತ್ರವನ್ನು ತೊಳೆದು, ಲೆಕ್ಕವನ್ನು ಸೊನ್ನೆಗೆ ತಂದು, ಹಿಂದಿನ ಪೈಪಿನಿಂದ ಗೋಡೆಯಾಚೆ ಹೋಗುತ್ತದೆ. ತೊಳೆಯಲು ಒಂದು ಕೊಡದಷ್ಟು ನೀರು ಹಿಡಿಯುತ್ತದೆ, ಅಷ್ಟೆ.

ಬುಧವಾರ ಬೆಳಿಗ್ಗೆ ಮೊದಲ ಪಾಳಿ ಎದುರುಮನೆಯ ಗುರುಸಂಗಪ್ಪನದು. ಅವನು ನಲ್ಲಿ ನಿಲ್ಲಿಸದೆಯೇ ನಾಲ್ಕು ಕೊಡ ತುಂಬಿಕೊಂಡ. ಯಂತ್ರ ಒಂದೇ ಎಂದು ಎಣಿಸಿತು. ಹೆಂಗಸರು ತಿರುಗಿಬಿದ್ದರು. ಏಕಾಂತಪ್ಪ ಅಂಗಡಿಗೆ ಓಡಿ, ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ನಲ್ಲಿ ತಂದು ಹಾಕಿದ. ಆಮೇಲೆ ಗುರುಸಂಗಪ್ಪನ ಆಟ ನಡೆಯಲಿಲ್ಲ. ಯಂತ್ರವನ್ನು ಬೈದು ನೋಡಿದ. ಅದು ತಿರುಗಿ ಬೈಯಲಿಲ್ಲವಾಗಿ ರುಚಿಸಲಿಲ್ಲ.

ಜಗಳವಿಲ್ಲದೆ ಹನ್ನೊಂದು ಮನೆ ನೀರು ಒಯ್ದವು. ಪುಷ್ಪಲತಾ ಕೇಳದೆಯೇ ಚಹಾ ತಂದಳು. ಏಕಾಂತಪ್ಪ ಕಟ್ಟೆಯ ಮೇಲೆ ಹೊಸ ಅಳಿಯನ ಹಾಗೆ ಕುಳಿತು ಕುಡಿದ. ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು.

ದಿನಾ ಪಾಳಿಗೆ ಜಗಳ ತೆಗೆಯುತ್ತಿದ್ದ ಮುದುಕಿ ಎರ್ರಮ್ಮ ಇವತ್ತು ಕಾಣಲಿಲ್ಲವಲ್ಲ ಎಂದು ಯಾರೋ ನೆನಪಿಸಿದರು. ಹುಡುಕಿದರೆ ಗೋಡೆಯ ಹಿಂದೆ, ಯಂತ್ರದ ಪೈಪಿನ ಕೆಳಗೆ ಹನ್ನೊಂದನೆಯ ಕೊಡ ಹಿಡಿದು ಕುಳಿತಿದ್ದಳು.

"ಅದು ಎಣಿಸೋ ನೀರು. ಇದು ಎಣಿಸಿ ಚೆಲ್ಲಿದ್ದು," ಎಂದಳು. "ಇದಕ್ಕ್ಯಾವ ಲೆಕ್ಕ ಐತಿ?"

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪಾಳಿ ಗೋಡೆಯ ಹಿಂದಕ್ಕೆ ತಿರುಗಿತು. ಜಗಳವೂ ಅದರ ಬೆನ್ನಿಗೇ ಹೋಯಿತು. ಕೊನೆಗೆ ಗುರುಸಂಗಪ್ಪನೇ ನ್ಯಾಯ ಹೇಳಿದ.

"ಮಿಷನ್ ಭಾಳ ಚಲೋ ಐತಿ, ಏಕಾಂತಪ್ಪ. ಈ ಪೈಪಿಗೂ ಇಂಥದ್ದೊಂದು ಮಾಡಿ ಹಾಕು."

ಅದಕ್ಕೂ ಹಿಂದೊಂದು ಪೈಪು ಬೇಕಾಗುತ್ತದೆ ಎಂದು ಏಕಾಂತಪ್ಪ ಗೊಣಗಿದ.

"ಆ ಪೈಪು ಯಾವ ಕಡಿ ಬರ್ತತಿ?" ಎಂದು ಎರ್ರಮ್ಮ ಕೊಡ ಎತ್ತಿಕೊಂಡು ಎದ್ದಳು.

ಹೊಸ ಯಂತ್ರ ಆಗುವವರೆಗೆ ಹಿಂದಿನ ಪೈಪಿನ ಕೊಡಗಳನ್ನು ಅವನೇ ಎಣಿಸಬೇಕೆಂದು ಓಣಿಯವರು ಸ್ಟೂಲು ತಂದಿಟ್ಟರು. ಅವನು ಕುಳಿತು ಎಣಿಸತೊಡಗಿದಾಗ ಪುಷ್ಪಲತಾ ಬ್ಯಾಗು ಹಿಡಿದು ಹೊರಬಂದಳು.

"ಹೊಳಲಿಗೆ ಹೊಂಟೆ. ನಿಮಗೊಬ್ರಿಗೆ ಎಂಟು ಕೊಡ ರಗಡ ಆಕ್ಕಾವು."

ಏಕಾಂತಪ್ಪ ಅವಳು ಹೋದ ದಾರಿಯನ್ನೇ ನೋಡುತ್ತ ಕುಳಿತ. ಗುರುಸಂಗಪ್ಪ ಅವನ ಭುಜ ತಟ್ಟಿ ಕೇಳಿದ:

"ಈಗ ತುಂಬಿದ್ದು ಏಳೋ, ಎಂಟೋ?"