ಕೋಟೆಯಿಂದ ತಿಮಿಂಗಿಲಕ್ಕೆ ಹನ್ನೊಂದು ನಿಮಿಷ

ಕೋಟೆ ವಲಯದಿಂದ ವಸ್ತುಸಂಗ್ರಹಾಲಯ ವಲಯಕ್ಕೆ ಮೊದಲು ರೈಲು, ಆಮೇಲೆ ಮೆಟ್ರೋ ಹಿಡಿದರೆ ಹನ್ನೊಂದು ನಿಮಿಷ ಸಾಕು. ಇದು ಸತ್ಯ, ಪ್ರವಾಸದ ಪುಸ್ತಕದಲ್ಲಿದೆ. ಸಾರಿಗೆ ಮಂಡಳಿಯು ಸದರಿ ಪುಸ್ತಕವನ್ನು ಓದಿ, ಮೆಚ್ಚಿ, ಹನ್ನೊಂದು ನಿಮಿಷವನ್ನು ನಿಯಮವೆಂದು ಅಂಗೀಕರಿಸಿತ್ತು.

ಪುಸ್ತಕ ಬರೆದ ಲೇಖಕಿಗೆ ಮಾತ್ರ ಇದು ಗೊತ್ತಿರಲಿಲ್ಲ. ಮೂವತ್ತೆರಡು ದೇಶಗಳ ಮಣ್ಣನ್ನು ಚಪ್ಪಲಿಗೆ ಅಂಟಿಸಿಕೊಂಡವಳು ಆಕೆ. ಈ ಒಂದು ದಾರಿಯನ್ನು ಮಾತ್ರ ಜ್ವರ ಬಂದು ಹೋಟೆಲಿನ ಮಂಚದಲ್ಲಿ ಮಲಗಿ, ನಕ್ಷೆಯ ಮೇಲೆ ಬೆರಳು ಓಡಿಸಿ ಅಳೆದಿದ್ದಳು. ಬೆರಳಿಗೆ ಮಂಡಿನೋವು ಇರಲಿಲ್ಲ.

ಈಗ ಜೊತೆಗಿದ್ದ ಅಕ್ಕನಿಗೆ ಇತ್ತು. ಮೂವತ್ತು ವರ್ಷ ಶಾಲೆಯ ಕಪ್ಪು ಹಲಗೆಯ ಮೇಲೆ ತಿಮಿಂಗಿಲ ಬರೆದ ಮೇಷ್ಟ್ರಮ್ಮ. ಇಲ್ಲಿನ ವಸ್ತುಸಂಗ್ರಹಾಲಯದಲ್ಲಿರುವ ತಿಮಿಂಗಿಲದ ಅಸ್ಥಿಪಂಜರವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಒಂದೇ ಆಸೆಯಿಂದ ಬಂದವಳು. ಬಾಗಿಲು ಮುಚ್ಚುವುದು ಐದಕ್ಕೆ. ಮರುದಿನ ಬೆಳಿಗ್ಗೆ ವಾಪಸ್ ವಿಮಾನ.

ಮೂರು ಐವತ್ತಕ್ಕೆ ಹೊರಟವರು ಕೆಟ್ಟುನಿಂತ ಎಸ್ಕಲೇಟರುಗಳನ್ನು ಹತ್ತಿಳಿದು ನಾಲ್ಕು ನಲವತ್ತೆರಡಕ್ಕೆ ಮೆಟ್ರೋದ ಹೊರಗೇಟಿಗೆ ಬಂದರು. ಗೇಟು ತೆರೆಯಲಿಲ್ಲ.

"ಐವತ್ತೆರಡು ನಿಮಿಷ," ಎಂದ ಗೇಟಿನ ಅಧಿಕಾರಿ. "ಹನ್ನೊಂದು ಕಳೆದ್ರೆ ನಲವತ್ತೊಂದು. ಅಷ್ಟು ಹೊತ್ತು ಒಳಗೇನು ಮಾಡ್ತಿದ್ರಿ?"

"ನಡೀತಿದ್ವಿ."

"ನಡಿಗೆ ಹನ್ನೊಂದರಲ್ಲೇ ಸೇರಿದೆ, ಪುಸ್ತಕದಲ್ಲೇ ಇದೆ. ತಡವಾದ ಕಾರಣ ಈ ಅರ್ಜೀಲಿ ಬರೀರಿ."

"ನಿಧಾನವೇ ಪ್ರಧಾನ ಅಂತಾರಲ್ಲಪ್ಪ," ಎಂದಳು ಅಕ್ಕ.

"ಗಾದೆಗೆ ಅರ್ಜೀಲಿ ಜಾಗ ಇಲ್ಲಮ್ಮ."

ಲೇಖಕಿ ಮಾನ ಬಿಟ್ಟಳು. "ಆ ಪುಸ್ತಕ ಬರೆದವಳೇ ನಾನು. ಹನ್ನೊಂದು ಅನ್ನೋದು ಸುಳ್ಳು."

ಅಕ್ಕ ನಿಧಾನವಾಗಿ ತಿರುಗಿದಳು. "ದೇಶ ಸುತ್ತು, ಕೋಶ ಓದು ಅಂತಾರೆ. ನೀನು ಸುತ್ತದೇನೇ ಕೋಶ ಬರೆದ್ಯಾ?"

"ಲೇಖಕಿಗೆ ಹನ್ನೊಂದು ನಿಮಿಷ ಸಾಕಾಗಿತ್ತು," ಎಂದ ಅಧಿಕಾರಿ. "ನಿಮಗೆ ಸಾಕಾಗಿಲ್ಲ. ಆದ್ದರಿಂದ ನೀವು ಅವರಲ್ಲ. ಅವರ ಹೆಸರು ಕೆಡಿಸಬೇಡಿ, ಚೆನ್ನಾಗಿ ಬರೀತಾರೆ."

"ಹೌದಾ? ಯಾವ ಅಧ್ಯಾಯ ಇಷ್ಟ ಆಯ್ತು?" ಎಂದು ಕೇಳಿ ಲೇಖಕಿ ಅಮೂಲ್ಯವಾದ ಆರು ನಿಮಿಷ ಕಳೆದಳು. ಆಮೇಲೆ 'ನಾನು ನಿಧಾನಿ; ಸದರಿ ಲೇಖಕಿ ನಾನಲ್ಲ' ಎಂಬ ಹೇಳಿಕೆಗೆ ಮೂರು ಪ್ರತಿಗಳಲ್ಲಿ ಸಹಿ ಹಾಕಿದಳು. ಗೇಟು ತೆರೆಯಿತು.

ವಸ್ತುಸಂಗ್ರಹಾಲಯದ ಮೆಟ್ಟಿಲು ಹತ್ತುವಾಗ ಐದು ಗಂಟೆ ನಾಲ್ಕು ನಿಮಿಷ. ಬಾಗಿಲಿಗೆ ಬೀಗ ಬಿದ್ದಿತ್ತು. ಕಾವಲಿನವಳು ಅವರ ಟಿಕೆಟ್ ನೋಡಿದಳು.

"ಮೂರು ಐವತ್ತಕ್ಕೆ ಹೊರಟಿದ್ದೀರಿ. ಅಂದ್ರೆ ನಾಲ್ಕು ಒಂದಕ್ಕೇ ಬಂದಿದ್ದೀರಿ. ಈಗಾಗಲೇ ಎಲ್ಲಾ ನೋಡಿ ಆಗಿದೆ." ಟಿಕೆಟ್ಟಿಗೆ 'ವೀಕ್ಷಿಸಲಾಗಿದೆ' ಎಂದು ಮುದ್ರೆ ಒತ್ತಿ, ಅಭಿಪ್ರಾಯದ ಪುಸ್ತಕ ಮುಂದಿಟ್ಟಳು. "ತಿಮಿಂಗಿಲ ಹೇಗಿತ್ತು, ಬರೀರಿ."

ಅಕ್ಕ ಮೆಟ್ಟಿಲ ಮೇಲೆ ಕೂತಳು. ಮಂಡಿ ನೀವಿಕೊಂಡಳು. ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿ, ಪೆನ್ನು ಹಿಡಿದು, ಮೂವತ್ತು ವರ್ಷ ಬರೆದ ತಿಮಿಂಗಿಲವನ್ನೇ ಇನ್ನೊಮ್ಮೆ ಬರೆದಳು, ಪಕ್ಕೆಲುಬುಗಳ ಸಮೇತ.

ಕಾವಲಿನವಳು ಬಗ್ಗಿ ನೋಡಿದಳು. "ಥೇಟ್ ಹಾಗೇ ಇದೆ."

"ಇರದೆ ಏನು, ನೋಡಿ ಆಗಿದೆಯಲ್ಲ," ಎಂದಳು ಅಕ್ಕ.

ಪುಸ್ತಕದ ಮುಂದಿನ ಮುದ್ರಣದಲ್ಲಿ ಲೇಖಕಿ ಆ ಚಿತ್ರವನ್ನೇ ಹಾಕಿಸಿದಳು. ಕೆಳಗೆ ಒಂದು ಸಾಲು: ಕೋಟೆಯಿಂದ ಹನ್ನೊಂದು ನಿಮಿಷ.